ಸುಂಕದವನಿಲ್ಲದ ಕಟ್ಟೆ

ಮರಾಕೈಬೊದಲ್ಲಿ ನೆಲ ಕೊರೆದರೆ ಎಣ್ಣೆ.
ಯೊಲೈಡಾಳ ಒಲೆಯಲ್ಲಿ ಮಾತ್ರ ಗ್ಯಾಸಿಲ್ಲ.
ಮೂರು ವಾರದಿಂದ ಸಿಲಿಂಡರು ಬಂದಿಲ್ಲ,
ಹಿತ್ತಲ ಬಾಗಿಲಿನ ಹಲಗೆ ಸೀಳಿ
ಮೆಕ್ಕೆಜೋಳದ ರೊಟ್ಟಿ ಸುಡುತ್ತಾಳೆ.
ಅದೇ ಹೆಸರು ಫೋನಿನಲ್ಲಿ ಕಂಡಾಗ
ಮೊದಲ ಸಲ ನಕ್ಕುಬಿಟ್ಟಿದ್ದಳು:
ಗ್ಯಾಸ್, ಆರು ಡಾಲರ್ ನಲವತ್ತು ಸೆಂಟ್.

ಲಿಮಾದ ಬೀದಿಗಳಲ್ಲಿ ಸೈಕಲ್ ತುಳಿದು
ಯಾರದೋ ಊಟ ಯಾರಿಗೋ ಮುಟ್ಟಿಸುವ ತಮ್ಮ
ವಿಲ್ಮೆರ್ ಕಳಿಸಿದ್ದು ಹದಿನೆಂಟು.
ಬ್ಯಾಂಕಿಲ್ಲ, ಗಡಿಯಿಲ್ಲ, ದಲ್ಲಾಳಿಯಿಲ್ಲ ಅಕ್ಕಾ,
ಕಣ್ಣು ಮಿಟುಕಿಸುವಷ್ಟರಲ್ಲಿ ನಿನ್ನ ಕೈಲಿ ಅಂದಿದ್ದ.
ಕೈಗೇನೋ ಬಂತು.
ಕೈಯಿಂದ ಅಂಗಡಿಗೆ ಹೋಗಬೇಕಲ್ಲ.

ಎಲ್ಲೋ ಯಾರೋ ಕೋಟಿ ದಾಟಿಸಿದರೂ ಆರೂ ನಲವತ್ತು,
ಇವಳ ಹಾಲಿನಪುಡಿ ದಾಟಿದರೂ ಆರೂ ನಲವತ್ತು.
ಆನೆಗೂ ಇರುವೆಗೂ ಒಂದೇ ದೋಣಿ ಬಾಡಿಗೆ.

ನಡುರಾತ್ರಿ ಮೀರಿದರೆ ಇಳಿಯುತ್ತೆ, ಕಾಯಿ,
ಅಂದಳು ಪಕ್ಕದ ಮನೆಯ ನೊರೆಲ್ಬಾ.
ಕಾದಳು. ಸೊಳ್ಳೆ ಹೊಡೆಯುತ್ತ,
ಮಲಗಿದ ಮಗಳಿಗೆ ರಟ್ಟಿನಿಂದ ಗಾಳಿ ಬೀಸುತ್ತ.
ಐದೂವರೆ. ನಾಲ್ಕೂ ಹತ್ತು. ಮೂರೂ ಇಪ್ಪತ್ತು.
ಸಂಜೆ ಮೀನುಪೇಟೆಯ ಚೌಕಾಸಿಯ ಹಾಗೆ
ಎರಡೂ ಎಂಬತ್ತಕ್ಕೆ ಬಂದದ್ದೇ ಒತ್ತಿದಳು,
ಇನ್ನೂ ಉಳಿದೀತೆಂದು ಮಿತಿಯನ್ನು ತುಸು ತಗ್ಗಿಸಿ.
ಆಗಲೇ ಕರೆಂಟು ಹೋಯಿತು.

ಬೆಳಿಗ್ಗೆ ನೋಡಿದರೆ: ವಿಫಲ. ಗ್ಯಾಸ್ ಸಾಲಲಿಲ್ಲ.
ಸಾಲದ ಗ್ಯಾಸಿಗೂ ದುಡ್ಡು ಮುರಿದುಕೊಂಡಿತ್ತು.

ಹಗಲಲ್ಲೇ ಕಟ್ಟಿದಳು, ಆರೂ ನಲವತ್ತು,
ಅಂಗಡಿಯ ಬಿಲ್ಲು ಆರೂ ತೊಂಬತ್ತು.

ಸುಂಕದವನ ಮುಂದೆ ಸುಖದುಃಖ ಹೇಳಬೇಡ
ಅನ್ನುತ್ತದೆ ನನ್ನ ಭಾಷೆ.
ಯೊಲೈಡಾ, ನಿನಗೆ ಆ ಭಾಗ್ಯವೂ ಇಲ್ಲ.
ಕಟ್ಟೆಯಿದೆ, ಸುಂಕವಿದೆ, ಸುಂಕದವನೇ ಇಲ್ಲ.
ಬೈಯೋಣವೆಂದರೆ ಮುಖವಿಲ್ಲ,
ನಾಲ್ಕು ಕಾಸು ತುರುಕೋಣವೆಂದರೆ
ಮೇಜಿನಡಿಯ ಕೈಯೂ ಇಲ್ಲ.

ಇನ್ನುಮೇಲೆ ಎರಡು ತಿಂಗಳದ್ದು ಒಟ್ಟಿಗೇ ಕಳಿಸ್ತೀನಿ,
ಒಂದೇ ಸುಂಕ, ಅನ್ನುತ್ತಾನೆ ವಿಲ್ಮೆರ್.
ಹೂಂ ಅನ್ನುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ.
ಹಸಿವಿನದು ಮಾತ್ರ ದಿನವೂ ಬಿಡಿ ವ್ಯಾಪಾರ.

ಫೋನಿನ ಪರ್ಸಿನಲ್ಲಿ ಇನ್ನೂ ಇದೆ
ಒಂದು ಡಾಲರ್ ತೊಂಬತ್ತು ಸೆಂಟ್.
ಅದನ್ನು ಕದಲಿಸಲು ಅದಕ್ಕಿಂತ ಹೆಚ್ಚು ಬೇಕು.
ದಿನಕ್ಕೊಮ್ಮೆ ತೆರೆದು ನೋಡುತ್ತಾಳೆ, ಇದೆ.
ಯಾರೂ ಕದ್ದಿಲ್ಲ.
ಕದಿಯುವವನಿಗೂ ಗಿಟ್ಟುವುದಿಲ್ಲ.