ಕರೆಂಟು ಹೋದಾಗ

ಸುಗುಣ ಮಿಸ್ ಹೇಳಿದ್ದು ಇಷ್ಟು:
ಐದು ನಿಮಿಷ. ನಿಮ್ಮದೇ ಕಥೆ. ನಿಮ್ಮದೇ ದನಿ.
ಪಾಡ್‌ಕಾಸ್ಟ್ ಅಂದರೆ ರೇಡಿಯೋದ ಮೊಮ್ಮಗಳು ಅಂದುಕೊಳ್ಳಿ.
ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ,
ಹಿಂದೆ ಸದ್ದು ಬಂದರೆ ಎರಡು ಮಾರ್ಕ್ಸ್ ಕಟ್.

ನಮ್ಮ ಮನೆಯ ಹಿಂದೆ ಸದ್ದಿಲ್ಲ ಮಿಸ್,
ಸದ್ದಿನ ಹಿಂದೆ ನಮ್ಮ ಮನೆ.
ಮಂಡ್ಯ, ಗುತ್ತಲು ರಸ್ತೆ, ಹೊಂಬಾಳಯ್ಯನ ಹಿಟ್ಟಿನ ಮಿಲ್ಲು;
ಮಿಲ್ಲಿನ ಬೆನ್ನಿಗೆ ಒಂದು ರೂಮು, ಒಂದು ಅಡಿಗೆಮನೆ,
ನಡುವೆ ಒಂದು ಗೋಡೆ, ಅದಕ್ಕೂ ನಡುಕ.
ಸ್ಟ್ಯಾಂಡಿನಲ್ಲಿ ಲೋಟಗಳು ತಾವೇ ಮಾತಾಡಿಕೊಳ್ಳುತ್ತವೆ.
ನಾವು ಉಪ್ಪು ಕೇಳುವುದೂ ಕೂಗಿಯೇ.
ಶಾಲೆಯಲ್ಲಿ ನಾನು ಪ್ರೆಸೆಂಟ್ ಮಿಸ್ ಅಂದರೆ
ಪಕ್ಕದ ಸೆಕ್ಷನ್ನಿನ ಹಾಜರಿ ತಪ್ಪುತ್ತದೆ.
ಇಂಥವಳಿಗೆ ಇಟ್ಟ ಹೆಸರು ನೋಡಿ: ಇಂಚರ.

ಮೊದಲು ಬೀರುವಿನೊಳಗೆ ಕೂತೆ, ಅಮ್ಮನ ಸೀರೆಗಳ ನಡುವೆ.
ಸೀರೆಗೂ ಮೆಣಸಿನಪುಡಿಯ ಘಾಟು, ಮಂಗಳವಾರ ಖಾರದ ದಿನ.
ಐದು ನಿಮಿಷದಲ್ಲಿ ಹದಿನೇಳು ಸೀನು.
ಆಮೇಲೆ ಕಂಬಳಿ. ಆಮೇಲೆ ನೀರಿನ ಟ್ಯಾಂಕಿನ ಮರೆ,
ಅಲ್ಲಿಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಬಂತು.
ಬರೆದಿಟ್ಟ ಕಥೆ, ಖೋಖೋದಲ್ಲಿ ಮದ್ದೂರಿನವರನ್ನು ಸೋಲಿಸಿದ್ದು,
ಓದಿ ಓದಿ ನನಗೇ ಸಪ್ಪೆಯಾಯಿತು.

ಗುರುವಾರ ಸಂಜೆ ಆರೂಕಾಲಕ್ಕೆ ಕರೆಂಟು ಹೋಯಿತು.
ಬೆಲ್ಟು ಇನ್ನೆರಡು ಸುತ್ತು ಸುಮ್ಮನೆ ಸುತ್ತಿತು,
ಕಲ್ಲು ಗೊರಗೊರ ಅಂದು ನಿಂತಿತು.
ನಮ್ಮ ಗಡಿಯಾರಕ್ಕೂ ಟಿಕ್‌ಟಿಕ್ ಇದೆ ಅಂತ ಗೊತ್ತಾಯಿತು.
ಓಡಿ ಬಂದು, ರಾಗಿ ಮೂಟೆಯ ಮೇಲೆ ಕೂತು, ಒತ್ತಿದೆ:
"ನಮಸ್ಕಾರ! ನನ್ನ ಹೆಸರು ಇಂಚರ!"
ರಸ್ತೆಯಾಚೆ ನಾಯಿ ಎದ್ದು ನಿಂತಿತು.

ತಗಡಿನ ಡಬ್ಬದ ಮೇಲೆ ಅಪ್ಪ,
ಹುಬ್ಬಿಗೆ ಗೋಧಿ, ಮೀಸೆಗೆ ರಾಗಿ.
"ಮೆತ್ತಗೇಳವ್ವ," ಅಂದ, "ಕರೆಂಟಿಲ್ಲ."

ಅಪ್ಪನ ಮೆತ್ತನೆ ದನಿ ನಾನು ಕೇಳಿದ್ದೇ ಅವತ್ತು.
ಜರಡಿಯಲ್ಲಿ ಎರಡು ಸಲ ಹಿಡಿದ ಹಿಟ್ಟು.
ಅಷ್ಟು ದೊಡ್ಡ ಆಳಿನೊಳಗೆ ಅದು ಎಲ್ಲಿತ್ತು ಇಷ್ಟು ದಿನ?
ಫೋನು ಅವನತ್ತ ತಿರುಗಿಸಿದೆ. "ಈ ಹೆಸರು ಯಾಕಿಟ್ಟೆ?"

"ನೀ ಹುಟ್ಟಿ ಮನೆಗೆ ಬಂದಾಗ
ಮೂರು ದಿನ ಮಿಲ್ ನಿಲ್ಸಿದ್ದೆ ಕಣವ್ವ.
ಬಂದೋರ್ನೆಲ್ಲ ವಾಪಸ್ ಕಳಿಸ್ದೆ.
ಈ ಮನೇಲಿ ನಂಗೆ ಮೊದಲ್ನೇ ಸಲ ಕೇಳ್ಸಿದ್ದು ನಿನ್ನ ಅಳು.
ಎಂಗಿತ್ತು ಅಂದ್ರೆ..."
ನಿಲ್ಲಿಸಿದ. ಕೈಯಲ್ಲಿ ಏನೋ ತೋರಿಸಿದ.
ಪಾಡ್‌ಕಾಸ್ಟಿನಲ್ಲಿ ಕೈ ಕಾಣುವುದಿಲ್ಲ.

ಒಳಗಿಂದ ಅಮ್ಮ: "ಸುಳ್ಳೇಳ್ಬ್ಯಾಡಿ.
ನಿಲ್ಸಿದ್ದಲ್ಲ, ಬೆಲ್ಟು ಕಿತ್ತೋಗಿತ್ತು.
ಮೈಸೂರಿಂದ ಹೊಸಾದು ಬರ್ಬೇಕಿತ್ತು."
"ಅದು ಒಂದೇ ದಿನಕ್ಕೆ ಬಂತು," ಅಂದ ಅಪ್ಪ, ಇನ್ನೂ ಮೆತ್ತಗೆ.
ಅಮ್ಮ ಏನೂ ಅನ್ನಲಿಲ್ಲ.
ರೆಕಾರ್ಡಿಂಗಿನಲ್ಲಿ ಅದು ಆರು ಸೆಕೆಂಡು;
ಗಡಿಯಾರ, ನಾಯಿ, ಯಾರೋ ಗೋಡೆಗೆ ಸೈಕಲ್ ಒರಗಿಸಿದ್ದು.
ಆಮೇಲೆ ಕರೆಂಟು ಬಂತು.

ಕೊನೆಯ ಆ ಗುಡುಗನ್ನು ಕತ್ತರಿಸಬಹುದಿತ್ತು.
ಸ್ಕ್ರೀನಿನ ಕತ್ತರಿಯ ಮೇಲೆ ಬೆರಳಿಟ್ಟೆ. ತೆಗೆದೆ.

ಹತ್ತಕ್ಕೆ ಆರು. ಕೆಂಪು ಪೆನ್ನಿನಲ್ಲಿ:
"ಕಥೆ ನಿನ್ನದಿರಬೇಕಿತ್ತು. ಮಾತೆಲ್ಲ ತಂದೆಯವರದು."
ಅದರ ಕೆಳಗೆ, ಪೆನ್ಸಿಲಿನಲ್ಲಿ, ಸಣ್ಣಗೆ:
"ಕೈಯಲ್ಲಿ ಏನು ತೋರಿಸಿದರು?"

ಅಪ್ಪನೂ ಕೇಳಬೇಕೆಂದ. ಗಿರಾಕಿಗಳ ಸಾಲು, ಮಿಲ್ಲು ಆರಿಸುವಂತಿರಲಿಲ್ಲ.
ಒಂದು ಕೈ ಚೀಲದ ಬಾಯಿಗೆ, ಇನ್ನೊಂದರಲ್ಲಿ ಫೋನು
ಕಿವಿಗೊತ್ತಿ, ಕಣ್ಣು ಮುಚ್ಚಿ, ಪೂರಾ ಐದು ನಿಮಿಷ ನಿಂತ.
ತಲೆಯಾಡಿಸಿದ. ಕೇಳಿಸಿತಾ ಅಂತ ನಾನು ಕೇಳಲಿಲ್ಲ,
ಕೇಳಬೇಕಾದರೆ ಕೂಗಬೇಕಿತ್ತು.

ಫೋನಿನ ಸಣ್ಣ ತೂತುಗಳಲ್ಲಿ ಇವತ್ತಿಗೂ ರಾಗಿ ಹಿಟ್ಟು.
ಯಾರು ಫೋನ್ ಮಾಡಿದರೂ
ಸ್ವಲ್ಪ ಮೆತ್ತಗೇ ಕೇಳಿಸುತ್ತಾರೆ.