ಒದ್ದೆ ಗೂಡು

ಹಲ್ಲಿ ಅಂದೆ. ಮುಬೀನಾ ಮುಖ ಊದಿಸಿಕೊಂಡಳು.
ಇದು ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ,
ಕಣ್ಣಿಗೆ ರೆಪ್ಪೆ ಇದೆ ನೋಡಿ ಅಬ್ಬಾ,
ನಿಮ್ಮ ಹಾಗೇ ಅರ್ಧ ಮುಚ್ಚಿಕೊಂಡು ಯೋಚಿಸುತ್ತದೆ.
ಹಳದಿ ಮೈ, ಚಿರತೆಯ ಚುಕ್ಕೆ. ಹೆಸರು ಬೂಂದಿ.
ಹಾಸ್ಟೆಲು ಖಾಲಿ ಮಾಡಿದ ಗೆಳತಿ ಒಪ್ಪಿಸಿ ಹೋದದ್ದು,
ಗಾಜಿನ ಪೆಟ್ಟಿಗೆ, ಅರ್ಧ ಡಬ್ಬಿ ಹುಳು ಸಮೇತ.

ಮೊನ್ನೆಯಿಂದ ಬೂಂದಿ
ಸುಣ್ಣ ಬಳಿದಂತೆ ಬಿಳಿಚಿಕೊಂಡಿದೆ.
ಪೊರೆ ಬಿಡುವ ಹೊತ್ತು.
ಗಾಳಿ ಒಣಗಿದ್ದರೆ ಪೊರೆ ಬೆರಳಿಗೆ ಉಂಗುರವಾಗಿ ಕೂತು
ರಕ್ತ ನಿಂತು ಬೆರಳೇ ಉದುರುತ್ತದಂತೆ.
ಒಂದು ಒದ್ದೆ ಗೂಡು ಬೇಕು ಎಂದಳು, ಒಳಗೆ ಹಾಸಲು ಏನಾದರೂ.

ಅಷ್ಟೇ ತಾನೆ!
ಮಂಡಿ ಮೊಹಲ್ಲಾದ ನನ್ನ ಅಂಗಡಿಯ ಮೂಲೆಯಲ್ಲಿ
ಬೀಟೆ ಮರದ ಪುಡಿ ಮೊಣಕಾಲೆತ್ತರ.
ಆನೆಯ ಸೊಂಡಿಲು, ನವಿಲಿನ ಕತ್ತು
ಇನ್ಲೇ ಹಲಗೆಯೊಳಗೆ ಕೂತ ಮೇಲೆ ಉಳಿದದ್ದು,
ನೇರಳೆ ಬಣ್ಣ, ಗೋಧಿ ಹಿಟ್ಟಿನಷ್ಟು ನಯ.
ಒಂದು ಚೀಲ ತಂದೆ. ನೀರು ಚಿಮುಕಿಸಿದ್ದೂ ಆಯಿತು.

ಅವಳು ಚೀಲದ ಬಾಯಿ ಕಟ್ಟಿ ಹೊಸಿಲಾಚೆ ಇಟ್ಟಳು.
"ಇದು ಬೇಡ ಅಬ್ಬಾ. ಈ ಪುಡಿ ಎದೆಗೆ ಕೆಟ್ಟದ್ದು."
ಟ್ಯೂಬ್‌ಲೈಟಿನ ಹಿಂದಿದ್ದ ನಮ್ಮ ಮನೆಯ ಹಲ್ಲಿ
ಲೊಚ್ ಲೊಚ್ ಅಂದಿತು.

ಮೂವತ್ತೊಂದು ವರ್ಷ.
ಕೊನೆಗೊನೆಗೆ ಗಫೂರ್ ಉಸ್ತಾದರು ಮಲಗುತ್ತಿರಲಿಲ್ಲ,
ದಿಂಬು ಒರಗಿಸಿಕೊಂಡು ಕೂತೇ ರಾತ್ರಿ ಕಳೆಯುತ್ತಿದ್ದರು.
ಮರದ ಋಣ ಕಣೋ, ಅನ್ನುತ್ತಿದ್ದರು,
ಕೆಮ್ಮಿ, ಕರವಸ್ತ್ರ ಮಡಚಿ ಜೇಬಿಗಿಡುತ್ತ.

ಹಾಗಾದರೆ ಮರಳು?
ಹುಳದ ಜೊತೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ.
ಗೋಣಿ ತುಂಡು? ಎಳೆ ಬೆರಳಿಗೆ ಸುತ್ತಿಕೊಳ್ಳುತ್ತದೆ.
ನನಗೋ ಸಿಟ್ಟು. ಮಗಳ ಮದುವೆಗೂ
ಇಷ್ಟು ಸಂಬಂಧ ತಳ್ಳಿಹಾಕಲಾರೆವು.
ಕಡೆಗೆ ಉಳಿದದ್ದು ಎರಡು: ತೆಂಗಿನ ನಾರಿನ ಪುಡಿ,
ಅದೂ ಉಪ್ಪು ಹೋಗುವಂತೆ ಮೂರು ನೀರಲ್ಲಿ ತೊಳೆದದ್ದು,
ಇಲ್ಲವೇ ಬಣ್ಣ ವಾಸನೆ ಏನೂ ಇಲ್ಲದ ಬಿಳಿ ಟಿಶ್ಯೂ.
ಬೂಂದಿಗೆ ಇದು ಮೊದಲ ಸಲ, ಟಿಶ್ಯೂವೇ ಇರಲಿ ಅಂದಳು.

ಒದ್ದೆ ಎಂದರೆ ಎಷ್ಟು ಒದ್ದೆ?
ಅದನ್ನು ಹೇಳಿದ್ದು ದೇವರಾಜ ಮಾರ್ಕೆಟ್ಟಿನ
ವೀಳ್ಯದೆಲೆಯ ಪುಟ್ಟಚೆನ್ನಮ್ಮ.
ಕವಳೆಯ ಮೇಲಿನ ಬಟ್ಟೆ ಎತ್ತಿ ನನ್ನ ಅಂಗೈಗಿಟ್ಟು:
"ಹಿಂಡುದ್ರೆ ಹನಿ ಬೀಳ್ಬಾರ್ದು, ಮುಟ್ಟುದ್ರೆ ತಣ್ಗಿರ್ಬೇಕು.
ನೀರ್ ಜಾಸ್ತಿಯಾದ್ರೂ ಕೊಳೀತದೆ ಸಾಬ್ರೆ, ಎಲೆನೂ ಅಷ್ಟೆ, ಮೈನೂ ಅಷ್ಟೆ."

ಐಸ್‌ಕ್ರೀಮ್ ಡಬ್ಬಿಗೆ ಬಾಗಿಲು ಕೊರೆದದ್ದು ನಾನು.
ಎಳೆದಂತದ ಬಣ್ಣದ ಆ ಹೊಟ್ಟೆ ಗೀರದಿರಲೆಂದು
ಅಂಚನ್ನು ನಾನೂರರ ಉಪ್ಪುಕಾಗದದಲ್ಲಿ
ಅರಮನೆಯ ಬಾಗಿಲಿಗೆ ತಿಕ್ಕುವಷ್ಟು ತಿಕ್ಕಿದೆ.
ಒಳಗೆ ಮಡಚಿ ಹಾಸಿದ ಒದ್ದೆ ಟಿಶ್ಯೂ. ಪೆಟ್ಟಿಗೆಯ ಬೆಚ್ಚನೆ ಬದಿಗೆ ಇಟ್ಟೆವು.

ಬೆಳಿಗ್ಗೆ ಬೂಂದಿ ಹೊಸ ಹಳದಿ.
ಪೊರೆ ಎಲ್ಲಿ ಅಂದರೆ, ತಿಂದುಬಿಟ್ಟಿದೆ ಅಂದಳು,
ತನ್ನದನ್ನು ತಾನೇ, ಚೂರೂ ಬಿಡದೆ.
ಭೂತಗನ್ನಡಿಯಲ್ಲಿ ಬೆರಳು ಎಣಿಸಿದೆವು. ನಾಲ್ಕೈದಲೆ ಇಪ್ಪತ್ತು.

ಚೀಲ ಇನ್ನೂ ಹೊಸಿಲಾಚೆಯೇ ಇತ್ತು.
ಅಂಗಡಿಗೆ ಹೊತ್ತೊಯ್ದು ಮೂಲೆಗೆ ಸುರಿಯುವಾಗ
ಪುಡಿ ಎದ್ದಿತು, ಕಿಟಕಿಯ ಬಿಸಿಲಿನಲ್ಲಿ ಚೆನ್ನಾಗೇ ಕಾಣಿಸಿತು.
ಟವೆಲನ್ನು ಬಕೆಟ್ಟಿಗೆ ಅದ್ದಿದೆ,
ಹನಿ ಬೀಳದಂತೆ ಹಿಂಡಿ
ಮೂಗಿಗೆ ಕಟ್ಟಿಕೊಂಡು
ಗರಗಸ ಎತ್ತಿಕೊಂಡೆ.