ನಾಲ್ಕನೆಯ ನಡೆ

ಗ್ಯುಮ್ರಿಯ ಶಾಲೆ, ಎರಡನೆಯ ಮಹಡಿ, ಜನವರಿ.
ಹೀಟರಿನ ಮೇಲೆ ಒಣಗಲಿಟ್ಟ ಹದಿನೇಳು ಕೈಗವಸು,
ಒಂದಕ್ಕೆ ಜೋಡಿಯಿಲ್ಲ.
ಗಣಿತ ಮುಗಿದು ಈಗ ಚದುರಂಗದ ಪಿರಿಯಡ್ಡು.
ಇಲ್ಲಿ ಅದೂ ಒಂದು ಪಾಠ, ಮಗ್ಗಿಯ ಹಾಗೆ;
ಹೋಮ್‌ವರ್ಕ್ ಉಂಟು, ಬೈಗುಳ ಉಂಟು.

ನ್ವಾರ್ದ್ ಇನ್ನೂ ಕೋಟಿನ ಗುಂಡಿ ಬಿಚ್ಚುತ್ತಿದ್ದಾಳೆ,
ನಡುನಡುವೆ ಒಂದೊಂದು ಕಾಯಿ ಸರಿಸುತ್ತ.
ಕೊನೆಯ ಗುಂಡಿಗೆ ಕೈ ಹೋಗುವಷ್ಟರಲ್ಲಿ
ಎದುರು ಕೂತ ಸೆರೋಬ್
‘ಮಾತ್’ ಎನ್ನುತ್ತಾನೆ.

ಅಷ್ಟೇ. ನಾಲ್ಕು ನಡೆ.
ಕಾಲಾಳು ಎರಡು ಮನೆ. ಓರೆಯಲ್ಲಿ ಆನೆ.
(ಇವರ ಆನೆ ಓರೆಯಾಗಿಯೇ ನಡೆಯುವುದು,
ನಮ್ಮ ಒಂಟೆಯ ಜಾಗ ಅದರದು.
ನಮ್ಮ ಆನೆಯ ಮೂಲೆಯಲ್ಲಿ ಇವರದೊಂದು ದೋಣಿ, ‘ನಾವಕ್’.
ಕೇಳಿದೊಡನೆ ನಾವೆ ನೆನಪಾಗಿ ನಕ್ಕೆ.
ಕಡಲಿಲ್ಲದ ನಾಡಿನ ಮಕ್ಕಳು
ದಿನಾ ನಾಲ್ಕು ನಾವೆ ಹೂಡುತ್ತಾರೆ.)
ಆಮೇಲೆ ರಾಣಿ, ಅಂಚಿನವರೆಗೆ ಒಂದೇ ಓಟ.
ಆಮೇಲೆ ಆ ಮನೆ,
ರಾಜನ ಹೊರತು ಇನ್ನೊಬ್ಬ ಕಾವಲಿಲ್ಲದ ಮನೆ.

ಇವರ ನುಡಿಯಲ್ಲಿ ‘ಮಾತ್’ ಎಂದರೆ ಬೆರಳೂ ಹೌದು.
ನನ್ನ ಕಿವಿಗೋ, ಕಡೆಯ ಸ್ವರ ನುಂಗಿಕೊಂಡ ಮಾತು.

ಸೆರೋಬನ ಅಣ್ಣ ಸೈನ್ಯದಿಂದ ರಜೆಗೆ ಬಂದಾಗ
ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಸರಿಸಿ
ಈ ನಾಲ್ಕನ್ನು ಕಲಿಸಿ ಹೋದ.
ಐದನೆಯದು ಕಲಿಸುವ ಮೊದಲೇ ಬಸ್ಸು ಬಂತು.
ಈ ವಾರ ಸೆರೋಬ್ ಆರು ಜನರನ್ನು ಮುಗಿಸಿದ್ದಾನೆ.
ಜೇಬಿನ ತುಂಬ ಗೆದ್ದ ಒಣ ಏಪ್ರಿಕಾಟ್,
ನಡೆದರೆ ಒಂದು ಥರಾ ತೂಕ.

ಟೀಚರ್ ವಾರ್ತುಹಿ ಏನೂ ಅನ್ನುವುದಿಲ್ಲ.
ಗೋಡೆಯ ಹಲಗೆಗೆ ಕಾಯಿ ಅಂಟಿಸುತ್ತ
ಎರಡೇ ನಡೆಗೆ ಸಾಯುವುದೂ ಉಂಟು ಎಂದು ತೋರಿಸುತ್ತಾಳೆ:
‘ಅದಕ್ಕೆ ಸೋಲುವವನ ಸಹಾಯ ಬೇಕು.
ತನ್ನ ಬಾಗಿಲ ಎರಡು ಹಲಗೆ ತಾನೇ ಕಿತ್ತು
ಬನ್ನಿ ಅನ್ನಬೇಕು.’
ಮಕ್ಕಳು ನಗುತ್ತಾರೆ. ತಮಗೆ ಆಗುವಂಥದ್ದಲ್ಲ.

ಇನ್ನೊಂದು ಪುಟವಿದೆ. ಅದನ್ನು ಅವಳು ತಿರುವಿಬಿಡುತ್ತಾಳೆ.
ಆರನೆಯ ನಡೆಗೆ ಕುದುರೆ ಜಿಗಿದು ಬಂದು ನಿಲ್ಲುತ್ತದೆ.
ಒಬ್ಬ ಕಾಲಾಳು ಬಿಟ್ಟರೆ ಯಾರೂ ಸತ್ತಿಲ್ಲ.
ರಾಣಿ ಪಕ್ಕದಲ್ಲೇ, ಎಲ್ಲರೂ ಪಕ್ಕದಲ್ಲೇ,
ಮನೆಮಂದಿಯೆಲ್ಲ ಇಷ್ಟು ಹತ್ತಿರ
ರಾಜನಿಗೆ ಉಸಿರಾಡಲು ಜಾಗವಿಲ್ಲ.
‘ಇದು ಯಾಕೆ ಬೇಡ ಟೀಚರ್?’
ಅವಳು ಹೋಗಿ ಕಿಟಕಿ ತೆರೆಯುತ್ತಾಳೆ.
ಈ ಚಳಿಯಲ್ಲಿ!
ಹೊರಗೆ, ಭೂಕಂಪ ಕೆಡವಿದ ಮೇಲೆ
ಕಟ್ಟಿದ ಬೀದಿ; ಕಟ್ಟದೇ ಬಿಟ್ಟ ಒಂದು ಸೈಟು.
ಆಗ ಅವಳಿಗೂ ಏಳು ವರ್ಷ.
ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.
ಮಕ್ಕಳು ಕೋಟು ಎಳೆದುಕೊಳ್ಳುತ್ತಾರೆ.

ಇವತ್ತು ಶುಕ್ರವಾರ.
ನ್ವಾರ್ದ್ ಕೋಟು ಮೊದಲೇ ಬಿಚ್ಚಿಟ್ಟು ಬಂದಿದ್ದಾಳೆ.
ಕಾಲಾಳು. ಆನೆ. ರಾಣಿ ಓಡಿ ಅಂಚಿಗೆ ಬಂದಳು.
ನ್ವಾರ್ದ್ ತುಸು ಹೊತ್ತು ನೋಡುತ್ತಾಳೆ,
ಮೂಗು ಒರೆಸಿಕೊಳ್ಳುತ್ತಾಳೆ,
ಕುದುರೆಯ ಮುಂದಿದ್ದ ಪುಟ್ಟ ಕಾಲಾಳನ್ನು
ಒಂದೇ ಒಂದು ಮನೆ ಮುಂದೆ ತಳ್ಳುತ್ತಾಳೆ.
ದೊಡ್ಡದೇನಲ್ಲ. ಹೊಸ್ತಿಲಿಗೆ ಅಡ್ಡ ಇಟ್ಟ ಚಪ್ಪಲಿಯಷ್ಟು.

ರಾಣಿಗೆ ದಾರಿಯಿಲ್ಲ; ರಾಣಿಗೇ ಈಗ ಅಪಾಯ.
ಅಣ್ಣನ ಪಾಠದಲ್ಲಿ ಈ ಕಾಲಾಳು ಇರಲಿಲ್ಲ.
ಗಡಿಯಾರದಲ್ಲಿ ಇನ್ನೂ ಇಪ್ಪತ್ತೆಂಟು ನಿಮಿಷ,
ಅಷ್ಟು ಹೊತ್ತನ್ನು ಏನು ಮಾಡುವುದು
ಎಂದು ಸೆರೋಬನಿಗೆ ಯಾರೂ ಹೇಳಿಕೊಟ್ಟಿಲ್ಲ.
ಬಾಯಿ ಅರ್ಧ ತೆರೆದಿದೆ.
ರಾಣಿಯ ತಲೆಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ
ತೂಗುತ್ತಿದೆ ಅವನ ಮಾತ್,
ಏಪ್ರಿಕಾಟಿನ ಅಂಟು ಹತ್ತಿದ
ಬರೀ ಬೆರಳು.